ವಿಜಯಪುರದಲ್ಲಿ ಮೊದಲ ಕಾರು: ಹಳೇ ಗಾಡಿ ನೋಡುವುದು, ಕೊಳ್ಳುವುದು, ಮೊದಲ ವರ್ಷ ಸಾಗಿಸುವುದು

ಕೈಯಲ್ಲಿ 4 ಲಕ್ಷ ರೂಪಾಯಿ ಇದ್ದರೆ ಮೂರೂವರೆ ಲಕ್ಷದ ಗಾಡಿ ಹುಡುಕಿ. ಉಳಿದ 50 ಸಾವಿರ ನಿಮ್ಮದಲ್ಲ, ಗಾಡಿಯದು. ನಾಲ್ಕು ಟೈರು, ಒಂದು ಬ್ಯಾಟರಿ, ಆಯಿಲ್, ಕೂಲಂಟ್, ಇನ್ಶೂರೆನ್ಸ್, ಹೆಸರು ಬದಲಾವಣೆ ಎನ್ನುತ್ತಾ ಮೊದಲ ಮೂರು ತಿಂಗಳಲ್ಲಿ ಅದು ಖರ್ಚಾಗಿಯೇ ಹೋಗುತ್ತದೆ. ಇದ್ದುದನ್ನೆಲ್ಲ ಕೊಳ್ಳುವಾಗಲೇ ಸುರಿದವರು ಸವೆದ ಟೈರಿನ ಮೇಲೆ ಸೊಲ್ಲಾಪುರ ರಸ್ತೆಗೆ ಇಳಿಯುತ್ತಾರೆ. ಹೊಸದಾಗಿ ಕಲಿತವರಿಗೆ ಅದಕ್ಕಿಂತ ಅಪಾಯದ ಉಳಿತಾಯ ಇನ್ನೊಂದಿಲ್ಲ.

ಯಾವ ಗಾಡಿ ಎಂದರೆ, 1.0ರಿಂದ 1.2 ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕರಿಂದ ಏಳು ವರ್ಷದ ಸಣ್ಣ ಕಾರು. ಅದರ ಬಿಡಿಭಾಗ ಊರಲ್ಲೇ ಸಿಗಬೇಕು. ಹೆಡ್‌ಲೈಟಿಗಾಗಿ ಪುಣೆಯಿಂದ ಪಾರ್ಸೆಲ್ ಕಾಯುವ ಗಾಡಿ ಎಷ್ಟೇ ಚೆಂದ ಇದ್ದರೂ ಮೊದಲ ಕಾರಾಗಲು ಯೋಗ್ಯವಲ್ಲ. ಡೀಸೆಲ್ ಆಸೆ ಬಿಡಿ. ತಿಂಗಳಿಗೆ 1,500 ಕಿಲೋಮೀಟರ್ ಮೀರಿ ಓಡಿಸುವವರಿಗಷ್ಟೇ ಅದರ ಲೆಕ್ಕ ಕೂಡುತ್ತದೆ. ಜೊತೆಗೆ 2020ರ ನಂತರದ ಬಿಎಸ್6 (ಹೊಗೆಯ ಹೊಸ ನಿಯಮದ) ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಬೇಕು. ಮನೆಯಿಂದ ಗಾಂಧಿ ಚೌಕಕ್ಕೆ, ಅಲ್ಲಿಂದ ಮನೆಗೆ ಎಂದು ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ಮೀಟರಿನಲ್ಲಿ ದೀಪ ಹತ್ತುತ್ತದೆ.

ಕಾಗದ ಮೊದಲು, ಕಾರು ಆಮೇಲೆ

ಬಣ್ಣ ನೋಡಿ ಮನಸೋತ ಮೇಲೆ ಯಾರೂ ಕಾಗದವನ್ನು ಗಟ್ಟಿಯಾಗಿ ನೋಡುವುದಿಲ್ಲ. ಅದಕ್ಕೇ ಗಾಡಿ ನೋಡಲು ಹೋಗುವ ಮೊದಲು ಫೋನಿನಲ್ಲೇ ಆರ್‌ಸಿಯ (ನೋಂದಣಿ ಪತ್ರದ) ಫೋಟೊ ಕೇಳಿ. ನಂಬರನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಷ್ಟನೇ ಓನರ್, ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲಿಯವರೆಗೆ, ಸಾಲದ ಬ್ಯಾಂಕ್ ಹೆಸರಿದೆಯೇ, ಇವನ್ನು ಮಾರುವವರ ಮಾತಿಗೆ ತಾಳೆ ಹಾಕಿ. ‘ಒಬ್ಬರ ಕೈಯಾಗಿನ ಗಾಡಿ ರೀ’ ಎಂದವರ ಗಾಡಿಗೆ ದಾಖಲೆಯಲ್ಲಿ ಮೂರನೇ ಓನರ್ ಇದ್ದರೆ ಅಲ್ಲಿಗೇ ಕೈಬಿಡಿ. ಒಂದು ವಿಷಯದಲ್ಲಿ ಸುಳ್ಳು ಹೇಳಿದವರು ಮೀಟರಿನ ವಿಷಯದಲ್ಲಿ ನಿಜ ಹೇಳುವುದಿಲ್ಲ. ಬಾಕಿ ಇ-ಚಲನ್ ಇದೆಯೇ ಎಂದೂ ನೋಡಿ. ದಂಡ ಬಾಕಿ ಇದ್ದರೆ ಹೆಸರು ಬದಲಾವಣೆ ಅಲ್ಲೇ ನಿಲ್ಲುತ್ತದೆ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ ಬ್ಯಾಂಕ್ ಪತ್ರ ಮತ್ತು ಬ್ಯಾಂಕಿನ ಸಹಿ-ಮುದ್ರೆ ಇರುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಸ್ವಲ್ಪ ಮುಂಗಡ ಸಾಕು, ಅದೂ ಬ್ಯಾಂಕ್ ಮೂಲಕ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು ಫಾರ್ಮ್ 30 ಬೇಕು. ಮಾರುವವರು ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಡುವುದು, ಕೊಂಡವರು ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸುವುದು ನಮ್ಮ ಕಡೆ ಮಾಮೂಲಾಗಿದೆ. ಇದು ಇಬ್ಬರಿಗೂ ಕೆಟ್ಟದ್ದು. ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಪ್ರಕಾರ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದವರು ರಾಜ್ಯದೊಳಗಿನ ಗಾಡಿಯಾದರೆ 14 ದಿನಗಳಲ್ಲಿ, ಹೊರರಾಜ್ಯದ್ದಾದರೆ 45 ದಿನಗಳಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವರಿಗೆ 30 ದಿನ ಅವಕಾಶ. ಇನ್ಶೂರೆನ್ಸ್ ಅನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ಹಾನಿಯ ಭಾಗ ತಾನಾಗಿಯೇ ನಿಮಗೆ ಬರುತ್ತದೆ, ಆದರೆ ನಿಮ್ಮ ಗಾಡಿಯ ಸ್ವಂತ ಹಾನಿಯ ಭಾಗ ಬರುವುದಿಲ್ಲ. ಮತ್ತೊಂದು ಮಾತು: ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಮಾರಿದವರದು. ಗಾಡಿಯ ಜೊತೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ.

ಎಂಎಚ್ ಪಾಸಿಂಗ್ ಗಾಡಿ ಅಗ್ಗ ಏಕೆ

ಎಂಎಚ್-13 ಸೊಲ್ಲಾಪುರದ್ದು, ಎಂಎಚ್-10 ಸಾಂಗ್ಲಿಯದು, ಎಂಎಚ್-09 ಕೊಲ್ಹಾಪುರದ್ದು. ಈ ಪಾಸಿಂಗ್ (ನೋಂದಣಿ) ಗಾಡಿಗಳು ವಿಜಯಪುರದ ಕೆಎ-28 ಅಥವಾ ಬಾಗಲಕೋಟೆಯ ಕೆಎ-29 ಗಾಡಿಗಿಂತ ಅಗ್ಗವಾಗಿ ಕಾಣುತ್ತವೆ. ಅಗ್ಗದ ಕಾರಣ ಬಹುತೇಕ ತೆರಿಗೆ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಮರುನೋಂದಣಿ ಕಡ್ಡಾಯ. ಆಗ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ಮೂಲ ಬೆಲೆ ಮತ್ತು ವಯಸ್ಸು ನೋಡಿ ಅದನ್ನು ಲೆಕ್ಕ ಹಾಕುತ್ತಾರೆ. ಗಾಡಿ ಹಳೆಯದಾದಷ್ಟೂ ಕಡಿಮೆ. ಆದ್ದರಿಂದ ದರ ಕುದುರಿಸುವ ಮೊದಲು ಆ ಗಾಡಿಯ ವಿವರ ತೆಗೆದುಕೊಂಡು ಆರ್‌ಟಿಓ ಕಚೇರಿಯಲ್ಲೇ ಮೊತ್ತ ಕೇಳಿ ಬನ್ನಿ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಪಡೆಯಲು ಅವಕಾಶವಿದ್ದರೂ ಅದು ಓಡಾಟದ ಕೆಲಸ. ‘ಟ್ಯಾಕ್ಸ್ ರಿಫಂಡ್ ಬರ್ತದ’ ಎಂಬ ಮಾತನ್ನು ಗಾಡಿಯ ದರದಲ್ಲಿ ಸೇರಿಸಲು ಬಿಡಬೇಡಿ.

ಕ್ರಮ ಹೀಗಿದೆ: ಮಾರುವವರು ತಮ್ಮ ಆರ್‌ಟಿಓದಿಂದ ವಿಜಯಪುರದ ಹೆಸರಿಗೆ ಫಾರ್ಮ್ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತೆಗೆಸಬೇಕು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಎನ್‌ಒಸಿ ಕೈಗೆ ಬಂದ ಮೇಲೆ ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ವರ್ಗಾವಣೆಗೆ 29 ಮತ್ತು 30. ಎನ್‌ಒಸಿ ಇಲ್ಲದ ಎಂಎಚ್ ಗಾಡಿಗೆ ‘ಆಮೇಲೆ ಕೊಡ್ತೀನ್ರಿ’ ಎಂದರೆ ಒಪ್ಪಬೇಡಿ. ಹಣ ಎಣಿಸಿಕೊಂಡ ಮೇಲೆ ಅವರನ್ನು ಸೊಲ್ಲಾಪುರ ಆರ್‌ಟಿಓಗೆ ಕರೆದೊಯ್ಯುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹೊಳಿ ನೀರು ಹೊಕ್ಕ ಗಾಡಿ

ಈ ಭಾಗದಲ್ಲಿ ಹಳೇ ಗಾಡಿ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಸಾಂಗ್ಲಿ-ಕೊಲ್ಹಾಪುರ ಕಡೆ ಕೃಷ್ಣೆ, ಪಂಚಗಂಗೆ ಉಕ್ಕಿ ಊರುಗಳಿಗೇ ನೀರು ನುಗ್ಗಿತು. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆದಂಡೆ ಊರುಗಳದ್ದೂ ಅದೇ ಪಾಡು. ಹಾಗೆ ಮುಳುಗಿದ ಗಾಡಿಯನ್ನು ತೊಳೆದು, ಒಣಗಿಸಿ, ಸೀಟ್ ಕವರ್ ಹಾಕಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಳಗೆ ಮಾತ್ರ ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಬೆಳೆಯುತ್ತಾ ಹೋಗುತ್ತದೆ. ಒಂದು ದಿನ ಪವರ್ ವಿಂಡೋ ನಿಲ್ಲುತ್ತದೆ, ಇನ್ನೊಂದು ದಿನ ಪವರ್ ಸ್ಟೀರಿಂಗ್, ಕೊನೆಗೆ ಎಂಜಿನ್ ಕಂಪ್ಯೂಟರ್. ಯಾವ ಮೆಕ್ಯಾನಿಕ್ಕಿಗೂ ಮೂಲ ಸಿಗುವುದಿಲ್ಲ.

ಪತ್ತೆ ಹಚ್ಚಲು ಟಾರ್ಚ್ ಮತ್ತು ಅರ್ಧ ಗಂಟೆ ಸಾಕು. ನಾಲ್ಕೂ ಸೀಟ್ ಬೆಲ್ಟುಗಳನ್ನು ತುದಿಯವರೆಗೆ ಪೂರ್ತಿ ಎಳೆಯಿರಿ. ಕೊನೆಯ ಒಂದು ಅಡಿಯಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು ಎಂದೇ ಅರ್ಥ. ಬೆಲ್ಟ್ ಹೊಸದಾಗಿ, ಸೀಟು ಹಳೆಯದಾಗಿ ಕಂಡರೂ ಕಾರಣ ಕೇಳಿ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಹಳಿಗಳ ಮೇಲೆ, ಸೀಟಿನ ಕೆಳಗಿನ ಸ್ಪ್ರಿಂಗುಗಳ ಮೇಲೆ ತುಕ್ಕು ಇದೆಯೇ ನೋಡಿ. ವಿಜಯಪುರದಂಥ ಒಣ ಹವೆಯ ಗಾಡಿಯಲ್ಲಿ ಅಲ್ಲಿ ತುಕ್ಕು ಬರಲು ಬೇರೆ ಕಾರಣ ಕಡಿಮೆ. ಬಾಗಿಲ ಬಳಿ ನೆಲಹಾಸಿನ ಅಂಚು ಎತ್ತಿ ಕೆಳಗಿನ ಫೋಮನ್ನು ಒತ್ತಿ ನೋಡಿ, ಮೂಸಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಆ ಗುಂಡಿಯ ಮೂಲೆಗಳಲ್ಲಿ ಬೆರಳಾಡಿಸಿ. ಅಲ್ಲಿ ಕೂತ ಸಣ್ಣ ಹೂಳನ್ನು ತೊಳೆಯುವವರೂ ಮರೆಯುತ್ತಾರೆ. ಹೆಡ್‌ಲೈಟ್ ಗಾಜಿನ ಒಳಗೆ ನೀರಿನ ಗೆರೆ, ಫ್ಯೂಸ್ ಬಾಕ್ಸಿನಲ್ಲಿ ಬಿಳಿ ಅಥವಾ ಹಸಿರು ಪುಡಿ, ಎಸಿ ಹಾಕಿದಾಗ ಹಸಿ ಗೋಣಿಚೀಲದ ವಾಸನೆ, ಇವುಗಳಲ್ಲಿ ಎರಡು ಕಂಡರೆ ದರ ಎಷ್ಟೇ ಇಳಿಸಿದರೂ ಎದ್ದು ಬನ್ನಿ.

ಗುದ್ದಿದ ಗಾಡಿ ಎಲ್ಲವೂ ಕೆಟ್ಟದ್ದಲ್ಲ. ಬಂಪರ್, ಬಾಗಿಲು, ಫೆಂಡರ್ ಪೇಂಟ್ ಆಗಿದ್ದರೆ ಅದು ಊರೊಳಗಿನ ಗಾಡಿಯ ಹಣೆಬರಹ. ಅದಕ್ಕೆ ದರ ಇಳಿಸಿ ತೆಗೆದುಕೊಳ್ಳಬಹುದು. ಕಂಬ, ಛಾವಣಿ, ಬಾನೆಟ್ ಒಳಗಿನ ಪಕ್ಕದ ತಗಡು (ಏಪ್ರನ್), ಚಾಸಿ ತುದಿ ಮುಟ್ಟಿದ್ದರೆ ಬೇಡ. ಬಾಗಿಲ ರಬ್ಬರ್ ಬೀಡಿಂಗ್ ಎಳೆದು ಅದರ ಕೆಳಗಿನ ವೆಲ್ಡಿಂಗ್ ಚುಕ್ಕೆ ನೋಡಿ. ಕಂಪನಿಯ ಚುಕ್ಕೆಗಳು ಗುಂಡಗೆ, ಒಂದೇ ಅಂತರದಲ್ಲಿ ಇರುತ್ತವೆ. ಗ್ಯಾರೇಜಿನದು ಒರಟಾಗಿ, ಮೇಲೆ ಸೀಲಂಟ್ ಮೆತ್ತಿದಂತೆ ಇರುತ್ತದೆ. ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಪಾನಾ ಆಡಿದೆ ಎಂದು ತಿಳಿಯಿರಿ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಆ ದೀಪವನ್ನೇ ತೆಗೆಸಿದ್ದಾರೆ, ಏರ್‌ಬ್ಯಾಗ್ ಒಮ್ಮೆ ಬಿಚ್ಚಿ ಹೋಗಿರಬಹುದು.

ತಣ್ಣಗಿನ ಎಂಜಿನ್

ಬೆಳಿಗ್ಗೆ ಹೋಗಿ, ‘ನಾನು ಬರೋವರೆಗೂ ಗಾಡಿ ಚಾಲೂ ಮಾಡಬ್ಯಾಡ್ರಿ’ ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಏನನ್ನೋ ಮುಚ್ಚುತ್ತಿದ್ದಾರೆ, ಇನ್ನೊಂದು ದಿನ ಬನ್ನಿ. ಚಾಲೂ ಮಾಡುವ ಮೊದಲು ಕೂಲಂಟ್ ಬಣ್ಣ ನೋಡಿ. ಹಸಿರು, ನೀಲಿ ಅಥವಾ ಕೆಂಪು ಸ್ವಚ್ಛವಾಗಿದ್ದರೆ ಒಳ್ಳೆಯದು. ಕಂದು ನೀರಾಗಿದ್ದರೆ ಬರೀ ಬೋರ್ ನೀರು ಹಾಕಿ ಓಡಿಸಿದ್ದಾರೆ. ಆಯಿಲ್ ಮುಚ್ಚಳದ ಕೆಳಗೆ ಚಹಾದ ಕೆನೆಯಂತಹ ಅಂಟು ಇದ್ದರೆ ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಅನುಮಾನ.

ಚಾಲೂ ಮಾಡುವಾಗ ಒಬ್ಬರು ಸೈಲೆನ್ಸರ್ ಬಳಿ ನಿಲ್ಲಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಸುಡುತ್ತಿದೆ. ಆಮೇಲೆ ಎಸಿ ಪೂರ್ತಿ ಹಾಕಿ 15 ನಿಮಿಷ ನಿಂತಲ್ಲೇ ಓಡಿಸಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ಟೆಂಪರೇಚರ್ ಮುಳ್ಳು ಮಧ್ಯ ದಾಟಬಾರದು, ಗಾಳಿ ತಣ್ಣಗೇ ಇರಬೇಕು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ಒಂದು ಪರೀಕ್ಷೆ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ.

ಎಂಜಿನ್ ಕಂಪ್ಯೂಟರಿನ ದೋಷ ಓದಿ ಫೋನಿನಲ್ಲಿ ತೋರಿಸುವ ಓಬಿಡಿ ಸ್ಕ್ಯಾನರ್ ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ. ದೋಷದ ಕೋಡ್ ಇದೆಯೇ ಎಂಬುದರ ಜೊತೆಗೆ ‘ರೆಡಿನೆಸ್’ ಪುಟವನ್ನೂ ತೆರೆಯಿರಿ. ಅಲ್ಲಿ ಬಹಳಷ್ಟು ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ, ನೀವು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಓಡಿಸುವಾಗ ಹಾಡು ಬಂದ್, ಕಿಟಕಿ ತೆರೆದಿರಲಿ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆಯಿರಿ. ಟಕಟಕ ಸದ್ದು ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದೆ. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸುವಾಗ ಗುಡುಗುಡು ಎಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್. ಇದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಒದಗುವ ವಿಷಯ. ಕ್ಲಚ್ ಪೆಡಲ್ ತೀರಾ ಮೇಲೆ ಬಂದಾಗ ಮಾತ್ರ ಗಾಡಿ ಸಾಗಿದರೆ ಕ್ಲಚ್ ಪ್ಲೇಟ್ ಮುಗಿಯುತ್ತಾ ಬಂದಿದೆ. ಎಂಜಿನ್ ವಾಲ್ವ್‌ಗಳನ್ನು ನಡೆಸುವುದು ಟೈಮಿಂಗ್ ಚೈನೋ ಬೆಲ್ಟೋ ಕೇಳಿ. ಬೆಲ್ಟ್ ಆಗಿದ್ದು, ಬದಲಿಸಿದ ಬಿಲ್ ಇಲ್ಲವೆಂದರೆ ಮೊದಲ ವಾರದಲ್ಲೇ ಬದಲಿಸಿ. ಅದು ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಬಾಗಿ ಹೆಡ್ ಬಿಚ್ಚಬೇಕಾಗುತ್ತದೆ.

ಮೀಟರಿನ ಕಿಲೋಮೀಟರನ್ನು ನಂಬುವ ಬದಲು ಪೆಡಲ್ ರಬ್ಬರ್, ಗೇರ್ ಗುಬ್ಬಿ, ಸ್ಟೀರಿಂಗ್ ಹೊಳಪು ನೋಡಿ, ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ಕೇಳಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೆರೆಗಳು (ಟ್ರೆಡ್) ಎಷ್ಟೇ ಆಳವಿರಲಿ, ಬದಲಿಸುವ ಲೆಕ್ಕವನ್ನೇ ಹಾಕಿ. ನಮ್ಮ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಸೀಳು ಬಿಡುತ್ತದೆ. ಟ್ರೆಡ್ ಆಳದ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್, ಮಳೆಗಾಲಕ್ಕೆ ಅದೂ ಸಾಲದು.

ಮನೆಗೆ ತಂದ ಮೊದಲ ವಾರ

‘ಮೊನ್ನೆನೇ ಸರ್ವಿಸ್ ಆಗ್ಯದ’ ಎಂದಿದ್ದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್ ಹೊಸದಾಗಿ ಹಾಕಿಸಿ. ಆ ದಿನದಿಂದ ಲೆಕ್ಕ ನಿಮ್ಮದು. ಸಣ್ಣ ಪೆಟ್ರೋಲ್ ಎಂಜಿನ್‌ಗೆ ಆಯಿಲ್ ಸಾಮಾನ್ಯವಾಗಿ 3ರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ. ಯಾವ ಗ್ರೇಡ್, ಎಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಇರಲಿ. ‘ಇನ್ನೂ ಅರ್ಧ ಲೀಟರ್ ಹಾಕೋಣ, ಚಲೋ ಆಕ್ಕತಿ’ ಎನ್ನುವವರಿಗೆ ಬೇಡ ಅನ್ನಿ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಎಂಜಿನ್ ಕಾಯುವ ಶಕ್ತಿ ಇಲ್ಲ.

ಕೂಲಂಟಿನ ವಿಷಯ ಇಲ್ಲಿ ಬಿಡಿಸಿ ಹೇಳಲೇಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಬಹಳಷ್ಟು ಬೋರ್‌ಗಳದು ಸವಳು ನೀರು. ಮನೆಯ ಗೀಸರಿನಲ್ಲಿ ಕಟ್ಟುವ ಅದೇ ಬಿಳಿ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಎಸಿ ಹಾಕಿ ನಾಲ್ಕು ಜನ ಕೂತು ಹೊರಟಾಗ ಮುಳ್ಳು ಮೇಲೇರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಸಮಪ್ರಮಾಣ ಕೂಲಂಟ್ ಬೆರೆಸಿ ಹಾಕಿ, ಇಲ್ಲವೇ ಸಿದ್ಧ ಮಿಶ್ರಣದ ಕ್ಯಾನ್ ಕೊಳ್ಳಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಎಂದೂ ತೆಗೆಯಬೇಡಿ. ಇನ್ನೊಂದು: ಗಾಡಿ ಬಿಸಿಯಾಗುತ್ತದೆ ಎಂದರೆ ಕೆಲವು ಗ್ಯಾರೇಜುಗಳಲ್ಲಿ ಬಿಸಿಗೆ ತಕ್ಕಂತೆ ಕೂಲಂಟಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ಕಿತ್ತೊಗೆಯುತ್ತಾರೆ. ಅದು ಪರಿಹಾರವಲ್ಲ. ಎಂಜಿನ್ ತನ್ನ ಕೆಲಸದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಬಂಕಿನಲ್ಲಿ ಈಗ ಸಿಗುವುದು ಬಹುತೇಕ 20% ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಬಹಳಷ್ಟು ಗಾಡಿಗಳನ್ನು ಅದನ್ನು ನೋಡಿ ತಯಾರಿಸಿಲ್ಲ. ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲೂ ಬಗ್ಗಿಸಿ ನೋಡಿಸಿ. ಬಿರುಕು ಕಂಡರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಬದಲಿಸಿ. ಎಥೆನಾಲ್ ನೀರನ್ನು ಹೀರುತ್ತದೆ, ಹಾಗಾಗಿ ಅರ್ಧ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಬಿಸಿಲು, ಧೂಳು, ಎರೆಮಣ್ಣು

ಏರ್ ಫಿಲ್ಟರನ್ನು ಕೈಪಿಡಿಯ ಲೆಕ್ಕಕ್ಕಿಂತ ಮುಂಚೆ, 5,000 ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡಿ. ಹವಾ ಹೊಡೆಯುವುದಾದರೆ ಸ್ವಚ್ಛ ಇರುವ ಕಡೆಯಿಂದ ಕೊಳಕಿನ ಕಡೆಗೆ, ದೂರದಿಂದ. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೆ ಇಳಿಯುತ್ತದೆ. 10,000ಕ್ಕೆ ಬದಲಿಸುವುದೇ ಒಳ್ಳೆಯದು. ಬೇಸಿಗೆಗೆ ಮುನ್ನ ಮುಂದಿನ ಗ್ರಿಲ್ ಹಿಂದಿರುವ ಎಸಿ ಕಂಡೆನ್ಸರನ್ನು ಸಾದಾ ನೀರಿನ ಪೈಪಿನಿಂದ ತೊಳೆಯಿರಿ. ಪ್ರೆಶರ್ ಗನ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಟೈರಿನ ಹವಾ ಬೆಳಿಗ್ಗೆ, ಗಾಡಿ ಓಡುವ ಮುನ್ನ ನೋಡಬೇಕು. ಎಷ್ಟು ಎಂಬುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿದೆ, ಸಣ್ಣ ಗಾಡಿಗೆ ಹೆಚ್ಚಾಗಿ 30ರಿಂದ 33 ಪಿಎಸ್‌ಐ. ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ಮೂರು-ನಾಲ್ಕು ಹೆಚ್ಚೇ ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಇಳಿಸಿದರೆ ಮರುದಿನ ಬೆಳಿಗ್ಗೆ ಕಡಿಮೆ ಹವೆಯ ಟೈರು. ಕಡಿಮೆ ಹವೆಯ ಟೈರೇ ಹೆದ್ದಾರಿಯಲ್ಲಿ ಕಾದು ಸಿಡಿಯುವುದು.

ಬ್ಯಾಟರಿಯ ಆಯುಷ್ಯ ಇಲ್ಲಿ ಮೂರು-ನಾಲ್ಕು ವರ್ಷ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ನಿಂತಾಗ ಕಡಿಮೆಯಾಗಿ, ಓಡುವಾಗ ಸರಿ ಇದ್ದರೆ ಬ್ಯಾಟರಿ ಹೋಗಿದೆ. ಓಡುವಾಗಲೂ ಏರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ, ಹೊಸ ಬ್ಯಾಟರಿ ಕೊಂಡು ಹಣ ಕಳೆಯಬೇಡಿ.

ಮಳೆ ಬಿದ್ದ ಮೇಲೆ ಎರೆಹೊಲದ ದಾರಿಯಲ್ಲಿ ಹೋಗಿ ಬಂದವರಿಗೆ ಮರುದಿನ 70-80ರ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಓಡುವ ಮೊದಲು ರಿಮ್ಮಿನ ಒಳಬದಿ ನೋಡಿ. ಅಲ್ಲಿ ಒಂದೇ ಕಡೆ ಅಂಟಿ ಒಣಗಿದ ಮಣ್ಣಿನ ಹೆಂಟೆ ಚಕ್ರದ ಬ್ಯಾಲೆನ್ಸ್ ಕೆಡಿಸಿರುತ್ತದೆ. ಕೆರೆದು ತೊಳೆದರೆ ನಡುಕ ನಿಲ್ಲುತ್ತದೆ. ಎರೆಮಣ್ಣು ಒಣಗುವ ಮೊದಲೇ ಚಕ್ರದ ಗೂಡು, ಗಾಡಿಯ ಹೊಟ್ಟೆ ತೊಳೆಯಿರಿ. ಒಣಗಿದ ಮೇಲೆ ಅದು ಇಟ್ಟಿಗೆ, ಒಳಗೆ ತೇವ ಹಿಡಿದಿಟ್ಟು ತುಕ್ಕು ತರುತ್ತದೆ.

ಕಬ್ಬಿನ ಹಂಗಾಮು

ಲರ್ನರ್ ಲೈಸೆನ್ಸ್ ಆರು ತಿಂಗಳಿನದು, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು. ಪರೀಕ್ಷೆ ಪಾಸಾದರೂ ಮೊದಲ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ಕಡೆ ರಾತ್ರಿ ಓಡಿಸುವುದನ್ನು ಮುಂದೂಡಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳ ಹಿಂದೆ ಎಷ್ಟೋ ಸಲ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ತುದಿ ಎರಡೂ ಬದಿಗೆ ಚಾಚಿರುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಆ ಮೂರು ಸೆಕೆಂಡಿನಲ್ಲೇ ಅಪಘಾತವಾಗುವುದು. ಹೋಗಲೇಬೇಕಾದರೆ ಡಿಮ್ ದೀಪದ ಬೆಳಕು ಬೀಳುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗ, ಅಂದರೆ 50ರ ಆಸುಪಾಸು. ಗಾಜಿನ ಒಳಬದಿ ಒರೆಸಿಕೊಂಡು ಹೊರಡಿ, ಅಲ್ಲಿನ ಜಿಡ್ಡಿನ ಪದರವೇ ಎದುರಿನ ಬೆಳಕನ್ನು ಚೆಲ್ಲಾಡಿಸುತ್ತದೆ.

ಡಿಕ್ಕಿಯಲ್ಲಿ ಹವಾ ತುಂಬಿದ ಸ್ಟೆಪ್ನಿ, ಜಾಕ್, ಚಕ್ರದ ಪಾನಾ, ಎಚ್ಚರಿಕೆಯ ತ್ರಿಕೋನ ಇರಲಿ. ಒಮ್ಮೆ ಮನೆಯ ಮುಂದೆಯೇ ಚಕ್ರ ಬಿಚ್ಚಿ ಹಾಕಿ ಕಲಿಯಿರಿ. ಪಂಕ್ಚರ್ ಅಂಗಡಿಯ ಗನ್ನಿನಲ್ಲಿ ಬಿಗಿದ ನಟ್ಟು ಕೈ ಪಾನಾಕ್ಕೆ ಜಗ್ಗುವುದಿಲ್ಲ ಎಂಬುದು ಅಲ್ಲೇ ಗೊತ್ತಾಗಲಿ, ಕೊಲ್ಹಾರ ಸೇತುವೆಯ ಮೇಲೆ ರಾತ್ರಿ ಗೊತ್ತಾಗುವುದು ಬೇಡ. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಹಾಕುವಾಗ ಒಂದರ ಪಕ್ಕದ್ದಲ್ಲ, ಎದುರಿನದನ್ನು ಬಿಗಿಯುತ್ತಾ ಹೋಗಿ. ಕೊನೆಯ ಬಿಗಿ ಗಾಡಿ ಇಳಿಸಿದ ಮೇಲೆ, ಮತ್ತೊಮ್ಮೆ 50 ಕಿಲೋಮೀಟರ್ ಓಡಿದ ಮೇಲೆ.